ಏಳನೆಯ ಕುಳಿಯ ಮರಳು

ಗಾಲ್ಫ್ ಮೈದಾನದ ಏಳನೆಯ ಕುಳಿಯ ಸುತ್ತ ಅಗೆತದ ಗುರುತಿಗೆ ನೆಟ್ಟಿದ್ದ ಗೂಟಗಳು ಮತ್ತೆ ಕಿತ್ತು ಬಿದ್ದಿದ್ದವು. ಮರಳಿನ ಮೇಲೆ ಒಂದು ಹೆಜ್ಜೆಗುರುತೂ ಇರಲಿಲ್ಲ. ಯಾರೋ ನೀಟಾಗಿ ಸವರಿ ಹೋಗಿದ್ದರು. ಹಾಗೆ ಸವರಬಲ್ಲವನು ಚಿನ್ನದ ಗಣಿಯ ಊರಾದ ಉರಿಗಾಂನಲ್ಲಿ ಒಬ್ಬನೇ.

"ಆಟ ಸಾಕು ಕಣಯ್ಯಾ ಚಿಕ್ಕವೆಂಕಟಪ್ಪ," ಎಂದ ಜಯರಾಮಪ್ಪ.

"ನಾನು ಮುಟ್ಟಿಲ್ಲ ಸಾಮಿ."

"ಹಾಗಾದ್ರೆ ದೆವ್ವ ಕಿತ್ತಿತಾ?"

ಅಗೆಯಲು ಬಂದಿದ್ದ ಕೂಲಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ನಗಲಿಲ್ಲ.

ಜಯರಾಮಪ್ಪ ಬಂಗಾರಪೇಟೆಯ ಕಂಟ್ರಾಕ್ಟರ್. ಬಿಳಿಯರ ಕಾಲದ ಬಂಗಲೆಯನ್ನೂ ಅದಕ್ಕೆ ಸೇರಿದ ಗಾಲ್ಫ್ ಮೈದಾನವನ್ನೂ ಲೀಸಿಗೆ ಹಿಡಿದಿದ್ದ. ಬೆಂಗಳೂರಿನವರು ವಾರದ ಕೊನೆಗೆ ಬಂದು ಉಳಿಯುವ ರೆಸಾರ್ಟ್ ಮಾಡಬೇಕೆಂಬ ಆಸೆ. ಮೈದಾನದಲ್ಲಿ ಹುಲ್ಲಿರಲಿಲ್ಲ. ಪ್ರತಿ ಕುಳಿಯ ಸುತ್ತ ಎಣ್ಣೆ ಕಲಸಿದ ಮರಳಿನ ದುಂಡನೆಯ ಹಾಸು, ಅಷ್ಟೆ. ಅದನ್ನು ತೆಗೆದು, ನೆಲ ಅಗೆದು, ಪೈಪು ಹಾಕಿ, ಹಸಿರು ಹುಲ್ಲು ಬೆಳೆಸುವುದು ಅವನ ಯೋಜನೆ.

ಚಿಕ್ಕವೆಂಕಟಪ್ಪ ಇಪ್ಪತ್ತು ವರ್ಷಗಳಿಂದ ಆ ಮರಳನ್ನು ಹಲಗೆಯಿಂದ ಸವರುತ್ತ ಬಂದವನು. ಅದಕ್ಕೂ ಮೊದಲು ಗಣಿಯೊಳಗೆ ದುಡಿದವನು. ಒಳ್ಳೆಯ ಕೆಲಸ. ಅದನ್ನು ಬಿಟ್ಟು ಅರ್ಧ ಸಂಬಳದ ಈ ಕೆಲಸವನ್ನು ಕೇಳಿ ಪಡೆದಿದ್ದ. ಯಾಕೆಂದು ಯಾರಿಗೂ ಹೇಳಿರಲಿಲ್ಲ. "ಕಟ್ಕಂಡ ನನ್ನ ತಲೆ ಒಂದ್ಸಲ ಸವರ್ಲಿಲ್ಲ, ಆ ಮರಳು ಸವರಿದ್ದೇ ಸವರಿದ್ದು," ಎಂದು ಹೆಂಡತಿ ಪಾಪಕ್ಕ ಕೂಲಿ ಲೈನಿನ ಮನೆಗಳಿಗೆಲ್ಲ ಕೇಳುವಂತೆ ಹಂಗಿಸುತ್ತಿದ್ದಳು.

"ಗುಡಿ ಜೀರ್ಣೋದ್ಧಾರ ಮಾಡ್ದಂಗೆ ಮಾಡಿ ಸಾಮಿ," ಎಂದ ಚಿಕ್ಕವೆಂಕಟಪ್ಪ ಈಗ. "ಗೋಡೆಗೆ ಸುಣ್ಣ ಒಡೀರಿ, ಕಟ್ಟೆ ಕಟ್ಟಿ. ಒಳಗಿರೋ ಮೂರ್ತೀನ ಅಲ್ಲಾಡಿಸ್ಬೇಡಿ."

"ಮರಳೊಳಗೆ ಯಾವ ಮೂರ್ತಿ ಇದೆಯಪ್ಪಾ?"

"ಇದ್ರ ಕೆಳಗೆ ಮುನಿಸ್ವಾಮಪ್ಪ ಅವ್ನೆ."

ಅದು ಕೂಲಿಗಳಿಗೂ ಗೊತ್ತಿತ್ತು. ಇಪ್ಪತ್ತು ವರ್ಷಗಳ ಹಿಂದೆ, ಅರವತ್ತರ ದಶಕದ ಕೊನೆಯಲ್ಲಿ, ಒಂದು ದಿನ ಗಣಿಯ ಆಳದಲ್ಲಿ ಬಂಡೆ ಸಿಡಿದು, ಸುರಂಗ ಕುಸಿದು, ಮುನಿಸ್ವಾಮಪ್ಪ ಒಳಗೇ ಉಳಿದುಹೋಗಿದ್ದ. ಸುರಂಗ ಹಾಯುವುದು ಈ ಕುಳಿಯ ಅಡಿಯಲ್ಲೇ ಎನ್ನುತ್ತಿದ್ದರು. ಅವನ ಹೆಂಡತಿ ಮುತ್ಯಾಲಮ್ಮ ಪ್ರತಿ ಶುಕ್ರವಾರ ಬಂದು ಮರಳಿನ ಅಂಚಿಗೆ ಕನಕಾಂಬರ ಇಟ್ಟು ಹೋಗುತ್ತಿದ್ದಳು. ಅವಳು ಹೋಗುವವರೆಗೆ ಚಿಕ್ಕವೆಂಕಟಪ್ಪ ದೂರದಲ್ಲಿ ತಲೆ ತಗ್ಗಿಸಿ ನಿಂತಿರುತ್ತಿದ್ದ.

ಜಯರಾಮಪ್ಪ ನಕ್ಕ. "ಅವನಿರೋದು ಮೈಲಿ ಆಳದಲ್ಲಿ. ನಾನು ಅಗೆಯೋದು ಸೊಂಟದುದ್ದ. ನನ್ನ ಪೈಪು ಅವನ ನೆತ್ತಿಗೆ ಚುಚ್ತದಾ?"

ಚಿಕ್ಕವೆಂಕಟಪ್ಪ ಹೋಗಿ ಕುಳಿಗೆ ಅಡ್ಡ ನಿಂತ. ಜಯರಾಮಪ್ಪನ ನಗು ಸಣ್ಣಗಾಯಿತು. ಅವನು ಆ ಮುಖವನ್ನೇ ದಿಟ್ಟಿಸಿ ನೋಡಿದ. "ನಾಳೆ ಇಲ್ಲಿಂದಲೇ ಶುರು," ಎಂದ.

ಸಂಜೆ ಚಿಕ್ಕವೆಂಕಟಪ್ಪ ನೇರ ಮುತ್ಯಾಲಮ್ಮನ ಮನೆಗೆ ಹೋದ. ಗೂಟ ಕಿತ್ತವನು ಅವನಲ್ಲ, ನಿಜ. ಅವನನ್ನು ಹೆದರಿಸಿದ್ದೂ ಅದೇ. ಆದರೆ ಸತ್ತವನ ಭಯಕ್ಕಿಂತ ಬದುಕಿದ್ದವಳ ಭಯ ಅವನಿಗೆ ದೊಡ್ಡದಾಗಿತ್ತು. ನೆಲ ಬಾಯಿ ಬಿಡುವಾಗ ಅವಳು ಅಲ್ಲಿರಕೂಡದು.

"ನಾಳೆ ಬಂಗಾರಪೇಟೆಗೆ ಓಗಮ್ಮಣ್ಣಿ. ಮಗಳ ಮನೇಲಿ ನಾಕು ದಿನ ಇದ್ದು ಬಾ."

ಮುತ್ಯಾಲಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಅಗೆದ್ರೆ ಯಾರಿಗಣ್ಣ ಕಷ್ಟ? ನಂಗಾ, ನಿಂಗಾ?"

ಅವನು ಚಪ್ಪಲಿಯನ್ನೂ ಮೆಟ್ಟದೆ ಹೊರಟುಬಿಟ್ಟ.

ಮರುದಿನ ಬಿಸಿಲೇರುವ ಹೊತ್ತಿಗೆ ಗುದ್ದಲಿ ಮೆತ್ತನೆಯದೇನನ್ನೋ ಕಚ್ಚಿತು. ಕೂಲಿಗಳು ಗುಂಡಿಯಿಂದ ಹಾರಿ ಹೊರಬಂದರು. ಕ್ಯಾನ್ವಾಸಿನ ಗಂಟು. ಎಣ್ಣೆ ಇಳಿದಿದ್ದರಿಂದ ಕೊಳೆತಿರಲಿಲ್ಲ. ಒಂದು ಮಗುವಿನಷ್ಟು ಗಾತ್ರ.

"ಅಯ್ಯೋ ಸಾಮಿ, ಕೊಲೆ!" ಎಂದ ಒಬ್ಬ.

ಜಯರಾಮಪ್ಪ ತಾನೇ ಇಳಿದು ಹಗ್ಗ ಕೊಯ್ದ. ಉರುಳಿ ಬಿದ್ದದ್ದು ಮೂಳೆಯಲ್ಲ, ಕಲ್ಲು. ಬೂದು ಬಣ್ಣದ ಗಣಿಕಲ್ಲು. ಅವನು ಒಂದನ್ನು ಬಿಸಿಲಿಗೆ ಹಿಡಿದ.

"ಚಿನ್ನದ ಕಲ್ಲು! ಲೇ ಕಳ್ಳ, ಗಣಿ ಮಾಲು ಹೂತಿಟ್ಟು ಅದಕ್ಕೆ ದೆವ್ವದ ಕಾವಲು ಇಟ್ಟಿದ್ದೆಯೇನೋ?"

ಚಿಕ್ಕವೆಂಕಟಪ್ಪ ಅವನತ್ತ ನೋಡಲಿಲ್ಲ. ಮುತ್ಯಾಲಮ್ಮ ಬಂದು ಗುಂಡಿಯ ಅಂಚಿನಲ್ಲಿ ನಿಂತಿದ್ದಳು. ಅವಳನ್ನು ನೋಡಿದ. ಕಲ್ಲುಗಳನ್ನು ನೋಡಿದ. ಇದ್ದಕ್ಕಿದ್ದಂತೆ ಅವನ ಮುಖ ನಿರಾಳವಾಯಿತು.

"ಊಂ ಸಾಮಿ. ಕದ್ದಿದ್ದು ನಾನೇ. ಪೊಲೀಸ್ನೋರ್ನ ಕರೀರಿ. ಇನ್ನು ಅಗೆಯೋದು ನಿಲ್ಸಿ."

"ಈವಯ್ಯ ಕಳ್ಳ ಅಲ್ಲ," ಎಂದಳು ಮುತ್ಯಾಲಮ್ಮ.

"ಸುಮ್ಕಿರಮ್ಮಣ್ಣಿ. ಇದು ಬೇರೆ ಗಂಟು. ಅವನು ಇನ್ನೂ ಆ ಕಡೀಗವ್ನೆ."

"ಇದೇ ಗಂಟು." ಅವಳು ಜಯರಾಮಪ್ಪನ ಕಡೆ ತಿರುಗಿದಳು. "ಅವತ್ತು ಗಣಿ ಬಾಯಲ್ಲಿ ಕುಂತುಬಿಟ್ಟಿದ್ದೆ ಸಾಮಿ. ಗಂಡನ ಬಾಡಿ ಬರೋಗಂಟ ಏಳಲ್ಲ ಅಂತ. ಎದೇಲಿ ಆಲು ಬತ್ತೋಗಿ ಮಗು ಅಳೋದೂ ನಿಲ್ಸಿತ್ತು. ಇನ್ನು ಯಾರೂ ಇಳೀಬಾರ್ದು ಅಂತ ಗಣಿಯೋರು ಅಂದ್ರೂ ಈವಯ್ಯ ಇಳಿದು ಇಳಿದು ಹುಡುಕ್ತಿದ್ದ. ಕೊನೇಗೆ ಈ ಗಂಟು ತಂದು, ಇಷ್ಟೇ ಸಿಕ್ಕಿದ್ದು, ಬಿಚ್ಬೇಡ, ಯಾರ್ಗೂ ಏಳ್ಬೇಡ ಅಂದ. ಕದ್ದುಮುಚ್ಚಿ ಇಲ್ಲೇ ಮಣ್ಣು ಮಾಡಿದ್ವಿ. ಆಮೇಲೆ ಎದ್ದೋಗಿ ಗಂಜಿ ಕುಡ್ದು ಮಗೀಗೆ ಆಲು ಕೊಟ್ಟೆ." ಚಿಕ್ಕವೆಂಕಟಪ್ಪನತ್ತ ಕೈ ತೋರಿದಳು. "ಈವಯ್ಯ ಗುಂಡಿ ತೋಡ್ತಿದ್ದಾಗಲೇ ನಾನು ಬಿಚ್ಚಿ ನೋಡಿ ಕಟ್ಟಿಟ್ಟಿದ್ದೆ. ಮೊನ್ನೆ ಗೂಟ ಕಿತ್ತು ಮರಳು ಸವರಿದೋಳೂ ನಾನೇ."

ಚಿಕ್ಕವೆಂಕಟಪ್ಪ ಗುಂಡಿಗೆ ಇಳಿದು ಒಂದು ಕಲ್ಲನ್ನು ಕೈಗೆತ್ತಿಕೊಂಡ. ಇಪ್ಪತ್ತು ವರ್ಷದ ಶುಕ್ರವಾರಗಳೆಲ್ಲ ಒಟ್ಟಿಗೆ ಅವನ ಕಣ್ಣ ಮುಂದೆ ಬಂದು ನಿಂತಂತಿತ್ತು.

"ಕಲ್ಲು ಅಂತ ಗೊತ್ತಿದ್ದೂ ಯಾಕಮ್ಮಣ್ಣಿ ಒಂದು ಮಾತು ಏಳ್ಲಿಲ್ಲ?"

"ಏಳಿದ್ರೆ ನೀನು ಮತ್ತೆ ಕೆಳಗಿಳೀತಿದ್ದೆ ಅಣ್ಣ. ಆಮೇಲೆ ಗಣಿ ಬಾಯಲ್ಲಿ ನನ್ ಪಕ್ಕ ಪಾಪಕ್ಕ ಬಂದು ಕೂರ್ತಿದ್ಲು."