ಹೊರಗಿನ ಚಿಲಕ

“ಚಿಲಕ ಹೊರಗಿನಿಂದ ಇರಬೇಕು” ಎಂದು ಸುಕೇಶ್ ಹೇಳಿದ್ದೇ ತಡ, ದಾವಲಸಾಬನ ಕೈಯಲ್ಲಿದ್ದ ಅಳತೆಯ ಟೇಪು ಸರಕ್ಕನೆ ಒಳಗೆ ಸುತ್ತಿಕೊಂಡಿತು.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಬಸ್ಸುಗಳ ಬಾಡಿ ಕಟ್ಟುತ್ತಿದ್ದ ದಾವಲಸಾಬನಿಗೆ ವಿಚಿತ್ರ ಗಿರಾಕಿಗಳು ಹೊಸಬರೇನಲ್ಲ. ಸಯನ್‌ನಲ್ಲಿ ಸಣ್ಣ ಹೋಟೆಲು ನಡೆಸುವ ಈ ಸುಕೇಶ್, ಯಾವುದೋ ಕಂಪನಿಯ ಕೆಲಸಗಾರರನ್ನು ಒಯ್ಯುತ್ತಿದ್ದ ಹಳೆಯ ಶಟಲ್ ಬಸ್ಸು ತಂದು, ಇದರೊಳಗೆ ಮಲಗಲು ಮಂಚ, ಅಡುಗೆಗೆ ಕಟ್ಟೆ, ಮೂಲೆಯಲ್ಲೊಂದು ಪಾಯಖಾನೆ ಮಾಡಿಕೊಡಿ, ಊರೂರು ತಿರುಗಬೇಕು ಅಂದಾಗ ಖುಷಿಯಿಂದಲೇ ಒಪ್ಪಿದ್ದ. ಆಮೇಲೆ ಶುರುವಾಯಿತು. ಎಲ್ಲ ಸೀಟೂ ಕಿತ್ತುಹಾಕಿ, ಎಡಗಡೆ ಮೂರನೇ ಸಾಲಿನದು ಮಾತ್ರ ಮುಟ್ಟಬೇಡಿ ಅಂದ. ಅದರ ಹರಿದ ರೆಕ್ಸಿನ್ನಾದರೂ ಬದಲಿಸೋಣ ಅಂದರೆ ಅದೂ ಬೇಡವಂತೆ. ಈಗ ನೋಡಿದರೆ ಹೊರಗಿನ ಚಿಲಕ.

“ಮಂದಿ ಮಲಗೂ ಗಾಡಿಗೆ ಹೊರಗ ಚಿಲಕ ಯಾಕ್ರಿ ಸಾಹೇಬ್ರ?”

“ಅದು... ಸೇಫ್ಟಿಗೆ ಚಾಚಾ.”

“ಸೇಫ್ಟಿಗೆ ಒಳಗ ಹಾಕತಾರ. ಹೊರಗ ಹಾಕೂದು ಕುರಿ ಗಾಡಿಗೆ.”

ಸುಕೇಶ್ ಕತ್ತಿನ ಬೆವರು ಒರೆಸಿಕೊಂಡ. “ನಿಮಗೆ ಯಾಕೆ ಅದೆಲ್ಲ ಮಾರಾಯ್ರೆ? ಹಾಕಿ ಕೊಡಿ, ಅಷ್ಟೇ” ಎನ್ನುತ್ತ, ತಾನೇ ಕೊಂಡು ತಂದಿದ್ದ ಚಿಲಕವನ್ನು ಬೆಂಚಿನ ಮೇಲಿಟ್ಟು ಹೊರಟೇಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ದಾವಲಸಾಬ ಬೇಕಾದಷ್ಟು ಕಂಡಿದ್ದ.

ಒಮ್ಮೆ ಕೈ ಸುಟ್ಟುಕೊಂಡವನು ಅವನು. ಹನ್ನೆರಡು ವರ್ಷದ ಹಿಂದೆ ಒಬ್ಬ ಹೀಗೇ ಬಂದು, ಏನೇನೋ ಕಥೆ ಹೇಳಿ, ವ್ಯಾನಿಗೆ ಹೊರಗಿನ ಚಿಲಕ ಹಾಕಿಸಿಕೊಂಡು ಹೋಗಿದ್ದ. ತಿಂಗಳಾದ ಮೇಲೆ ಆ ವ್ಯಾನಿನೊಳಗೆ ನಾಲ್ಕು ಹುಡುಗಿಯರು ಸಿಕ್ಕರು. ಮಾಡಿದ್ದು ಯಾರೋ, ಎರಡು ದಿನ ಲಾಕಪ್ಪಿನಲ್ಲಿ ಕೂತದ್ದು ದಾವಲಸಾಬ. ಲಾಕಪ್ಪನ್ನಾದರೂ ಮರೆಯಬಹುದಿತ್ತು, ಆ ಚಿಲಕ ಕೂರಿಸಿದ್ದು ತನ್ನ ಕೈ ಎನ್ನುವುದನ್ನು ಮರೆಯಲು ಆಗಲಿಲ್ಲ. ಮನುಷ್ಯರ ಗಾಡಿಗೆ ಇನ್ನು ಹೊರಗಿನ ಚಿಲಕ ಹಾಕುವುದಿಲ್ಲ ಎಂದು ಅಂದೇ ಆಣೆ ಮಾಡಿದ್ದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವನು ಪಾನಾ ಹಿಡಿದು, ಬೋಲ್ಟು ತಿರುಗಿಸಿ, ಮೂರನೇ ಸಾಲಿನ ಆ ಸೀಟನ್ನೇ ಬಿಚ್ಚಿದ. ಕೆಳಗಿನ ತಗಡು ಬಡಿದು ನೋಡಿದ. ಸ್ಪಂಜಿನೊಳಗೆ ಕೈಹಾಕಿ ತಡಕಿದ. ಪುಡಿ ಇಲ್ಲ, ಪೊಟ್ಟಣ ಇಲ್ಲ. ಸಿಕ್ಕಿದ್ದು ಹೆಂಗಸರ ಒಂದು ಹೇರ್‌ಪಿನ್ನು. ಸೀಟನ್ನು ಮತ್ತೆ ಕೂರಿಸಿದನೇ ಹೊರತು ಮನಸ್ಸು ಕೂರಲಿಲ್ಲ. ಒಂದು ಸೀಟು, ಒಂದು ಹೆಣ್ಣು, ಹೊರಗಿನಿಂದ ಚಿಲಕ. ಇನ್ನೇನು ಬೇಕು?

ಸಂಜೆ ಸುಕೇಶ್ ಬರುತ್ತಲೇ ದಾವಲಸಾಬ ಪಿನ್ನನ್ನೂ ಚಿಲಕವನ್ನೂ ಅವನ ಮುಂದೆ ಅಕ್ಕಪಕ್ಕ ಇಟ್ಟ. “ಯಾವ ಹೆಣಮಗಳನ್ನ ಇದರಾಗ ಕೂಡಿ ಹಾಕಾವ್ರು ನೀವು? ಖರೇ ಹೇಳ್ರಿ. ಇಲ್ಲಾಂದ್ರ ಗಾಡಿ ಈ ಶೆಡ್ ದಾಟಂಗಿಲ್ಲ.”

ಸುಕೇಶನ ಮುಖ ಇಳಿದುಹೋಯಿತು. ಪಿನ್ನನ್ನು ಕೈಗೆತ್ತಿಕೊಂಡು, “ಅಮ್ಮನನ್ನು” ಅಂದ.

ಅಮ್ಮ ವಿನೋದಿನಿ ಇದೇ ಕಾಂದಿವಲಿಯ ಔಷಧದ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ ಪ್ಯಾಕಿಂಗ್ ಮಾಡಿದವಳು. ಕಡೆಯ ವರ್ಷಗಳಲ್ಲಿ ದಿನಾ ಸಯನ್‌ನಿಂದ ಬರುತ್ತಿದ್ದದ್ದು ಇದೇ ಬಸ್ಸಿನಲ್ಲಿ, ಅದೇ ಸೀಟಿನಲ್ಲಿ. ಈಗ ಆ ಕಂಪನಿಯೂ ಇಲ್ಲ, ಅದು ಇಲ್ಲವೆನ್ನುವ ನೆನಪೂ ಅವಳಿಗಿಲ್ಲ. ಬೆಳಗಾದರೆ ಊಟದ ಡಬ್ಬಿ ಹಿಡಿದು ಸ್ಟಾಪಿಗೆ ಹೊರಡುತ್ತಾಳೆ.

“ಎರಡು ಸಲ ಕಾಣೆಯಾದ್ರು ಚಾಚಾ. ಎರಡನೇ ಸಲ ಮಲಾಡ್ ಸ್ಟೇಷನ್‌ನಲ್ಲಿ ಸಿಕ್ಕಿದ್ದು, ಕಾಲಲ್ಲಿ ಚಪ್ಪಲ್ ಇಲ್ಲ. ಮನೆಗೆ ಬೀಗ ಹಾಕಿದ್ರೆ ದಿನವಿಡೀ ಬಾಗಿಲು ಬಡೀತಾರೆ. ಕಂಪನಿಗೆ ಬಸ್ ಓಡಿಸ್ತಿದ್ದ ಕಂಟ್ರಾಕ್ಟರ್ ಇದನ್ನು ಮಾರ್ತಾನೆ ಅಂತ ಗೊತ್ತಾಯ್ತು, ತಕೊಂಡೆ. ಇದರಲ್ಲಿಯೇ ಕೂರಿಸಿಕೊಂಡು ತಿರುಗುವ ಅಂತ. ಆದ್ರೆ ನಾನು ಎಲ್ಲಿಯಾದ್ರೂ ಚಾ ಕುಡೀಲಿಕ್ಕೆ ನಿಲ್ಲಿಸಿದಾಗ ಅವರು ಹೈವೇಗೆ ಇಳಿದ್ರೆ?” ಅವನ ದನಿ ತಗ್ಗಿತು. “ಹೆತ್ತ ಅಮ್ಮನಿಗೆ ಚಿಲಕ ಅಂತ ನಿಮ್ಮ ಹತ್ರ ಹೇಗೆ ಹೇಳುದು?”

ಹನ್ನೆರಡು ವರ್ಷದ ಹಿಂದಿನವನೂ ಹೀಗೇ ಕಣ್ಣು ತುಂಬಿಕೊಂಡಿದ್ದ. ದಾವಲಸಾಬ ಕರಗಲಿಲ್ಲ. “ನಾಳೆ ಅವರನ್ನ ಕರಕೊಂಡ ಬರ್ರಿ. ಅವರನ್ನ ಕೇಳಿ ಹಾಕತೀನಿ.”

ಮರುದಿನ ಬೆಳಿಗ್ಗೆ ಮಗನ ಕೈ ಹಿಡಿದು ಟ್ಯಾಕ್ಸಿ ಇಳಿದ ವಿನೋದಿನಿ, ಬಸ್ಸು ಕಂಡದ್ದೇ ಕೈ ಬಿಡಿಸಿಕೊಂಡಳು. ಬಿರಬಿರನೆ ಹತ್ತಿದಳು. ಒಳಗಿನ ಮಂಚ, ಅಡುಗೆಕಟ್ಟೆ ಯಾವುದೂ ಅವಳ ಕಣ್ಣಿಗೆ ಬೀಳಲಿಲ್ಲ. ಮೂರನೇ ಸಾಲಿನ ಸೀಟಿನಲ್ಲಿ ಕಿಟಕಿಗೆ ಒರಗಿ, ಡಬ್ಬಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸದ್ಯ ಸಿಕ್ಕಿತಲ್ಲ ಎಂಬಂತೆ ಉಸಿರುಬಿಟ್ಟಳು.

ದಾವಲಸಾಬ ಚಿಲಕ ಹಿಡಿದು ಮೆಟ್ಟಿಲ ಬಳಿ ನಿಂತ. ಕೇಳಬೇಕೆಂದಿದ್ದನ್ನು ಬಿಟ್ಟು ಬೇರೆ ಮಾತು ತೆಗೆದ. “ಅವ್ವಾ, ಗಾಡಿ ಹೊರಡಾಕ ತಡಾ ಐತಿ. ಕೆಳಗ ಇಳೀರಿ, ಚಾ ಕುಡಿಯೂಣು.”

“ನೀವು ಹೊಸ ಡ್ರೈವರಾ?” ಅವಳು ನಕ್ಕಳು. “ಕಂಪನಿ ಗೇಟು ಬರುವ ಮೊದಲು ಇಲ್ಲಿ ಯಾರೂ ಇಳಿಯುದಿಲ್ಲ ಮಾರಾಯ್ರೆ. ಬಸ್ಸು ಬಿಟ್ಟು ಹೋದ್ರೆ ಲೇಟ್ ಮಾರ್ಕ್ ಯಾರಿಗೆ?”

ದಾವಲಸಾಬ ಚಿಲಕವನ್ನು ಗುಜರಿ ಡಬ್ಬಕ್ಕೆ ಎಸೆದ. ಆ ಸದ್ದಿಗೆ ವಿನೋದಿನಿ ಕಿಟಕಿಯಿಂದ ಇಣುಕಿದಳು. ಕೆಳಗೆ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ ಸುಕೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದಾವಲಸಾಬನ ಕಡೆ ಬಗ್ಗಿ ದನಿ ತಗ್ಗಿಸಿದಳು.

“ಅದು ಯಾರು? ಆಗದಿಂದ ನನ್ನನ್ನೇ ನೋಡ್ತಾ ಉಂಟು. ಪಾಸ್ ಇಲ್ಲದವರನ್ನು ಹತ್ತಿಸಬೇಡಿ.”