ಏಳನೆಯ ಚಮಚ

ಬೆಂಚಿನ ಮೇಲೆ ಆರೇ ಚಮಚದ ಡಬ್ಬಿಗಳಿದ್ದವು. ಸಾಹೇಬರು ಬರುವ ಮೊದಲು ಏಳಿದ್ದವು.

ಲೇತಕ್ಕ ಬೆಂಚಿನ ಕೆಳಗೆ ಬಗ್ಗಿ ನೋಡಿದಳು. ಕಬ್ಬಿಣದ ಚೂರಿನ ಬುಟ್ಟಿಯನ್ನು ಬೋರಲು ಹಾಕಿದಳು. ಗಂಡನ ಜೇಬನ್ನೂ ತಡಕಿದಳು. ಆಮೇಲೆ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದಳು.

"ಕದ್ದಿದ್ದಾರೆ! ಸರ್ಕಾರಿ ಕಾರಲ್ಲಿ ಬಂದು ಚಮಚ ಕದ್ಕೊಂಡು ಹೋಗಿದ್ದಾರೆ!"

"ಚಮಚ ಕದ್ದು ಏನು ಮಾಡ್ತಾರೆ?" ಎಂದ ಗಂಡ.

"ನಿಮ್ಮ ತಲೆ ಮಾಡ್ತಾರೆ. ಬಿಚ್ಚಿ ನೋಡಿ ದೊಡ್ಡ ಕಂಪನಿಗೆ ಕೊಡ್ತಾರೆ. ಆಮೇಲೆ ನಾವು ಬಾಯಿಗೆ ಬೆರಳಿಟ್ಕೊಂಡು ಕೂರಬೇಕು."

ಅದು ಬರೀ ಚಮಚವಲ್ಲ. ನಡುಗುವ ಕೈಯವರಿಗಾಗಿ ಅವಳು ಮೂರು ವರ್ಷ, ತನಗೆ ಆ ಹೆಸರು ತಂದ ಲೇತ್ ಯಂತ್ರದ ಮುಂದೆ ನಿಂತು ಮಾಡಿದ ಚಮಚ. ಹಿಡಿಯೊಳಗೆ ಎರಡು ಪುಟ್ಟ ಮೋಟಾರು. ಕೈ ಎಷ್ಟೇ ಕುಣಿದರೂ ತುದಿ ಅಲುಗುವುದಿಲ್ಲ. ಚಮಚದ ತುದಿ ಕಳಚಿ ಪೆನ್ನು ಸಿಕ್ಕಿಸಿದರೆ ಬರೆಯಲೂಬಹುದು. ಮೊದಲ ಗಿರಾಕಿ ಅವಳ ಅಪ್ಪನೇ. ಗಡಿಯಾರ ರಿಪೇರಿಯವನಾಗಿದ್ದ ಮನುಷ್ಯ, ಸಾರನ್ನು ಅಂಗಿಗೆ ಉಣಿಸುವುದನ್ನು ನೋಡಲಾರದೆ ಅವಳು ಇದಕ್ಕೆ ಇಳಿದಿದ್ದಳು.

ಆರೋಗ್ಯದ ಹೊಸ ಉಪಕರಣ ಮಾಡುವ ಸಣ್ಣ ಉದ್ಯಮಗಳಿಗೆ ಸರ್ಕಾರ ಸಂಶೋಧನಾ ಅನುದಾನ ಕೊಡುತ್ತದೆ. ಅದು ಸಿಗದಿದ್ದರೆ ಚಮಚವನ್ನು ಮೂಲೆಗೆಸೆದು ಮತ್ತೆ ಗೇಟಿನ ಕೀಲು ತಿರುವುತ್ತ ಕೂರಬೇಕು. ನಿಯಮ ಒಂದೇ. ಹತ್ತು ಜನ ಒಂದು ವಾರ ಬಳಸಿ ಫಾರಂ ತುಂಬಿಕೊಡಬೇಕು. ಫಾರಮ್ಮಿನಲ್ಲಿ ಎರಡು ಸುರುಳಿ ಬರೆಯಬೇಕು, ಒಂದು ಬರಿಗೈಯಲ್ಲಿ, ಒಂದು ಪೆನ್ನು ಸಿಕ್ಕಿಸಿದ ಇವಳ ಹಿಡಿಯಲ್ಲಿ. ಒಂಬತ್ತು ಜನ ಕೊಟ್ಟಿದ್ದರು. ಹತ್ತನೆಯವರಾಗಬೇಕಿದ್ದ ರಸ್ತೆ ಕೊನೆಯ ಮೇಷ್ಟ್ರು, "ಹೆಸರು ಆಫೀಸಿಗೆ ಹೋಗುತ್ತಾ? ಬೇಡಮ್ಮ, ಊರೆಲ್ಲ ಗೊತ್ತಾಗುತ್ತೆ" ಎಂದು ಬಾಗಿಲು ಹಾಕಿಕೊಂಡಿದ್ದರು. ಗಡುವಿಗೆ ಹತ್ತೇ ದಿನ ಉಳಿದಿತ್ತು.

ಹೀಗಿರುವಾಗ ತಪಾಸಣೆಗೆ ಬಂದಿದ್ದು ಇಬ್ಬರು. ಕಿರಿಯ ಅಧಿಕಾರಿಯ ಹೆಗಲಲ್ಲಿ ಕಪ್ಪು ಚೀಲವಿತ್ತು. ಕಂಡಿದ್ದನ್ನೆಲ್ಲ ಮುಟ್ಟಿ ನೋಡಿದ, ಪುಸ್ತಕದಲ್ಲಿ ಏನೇನೋ ಚಿತ್ರ ಬರೆದುಕೊಂಡ. ಸಮಿತಿಯ ಅಧ್ಯಕ್ಷರೆಂಬ ಹಿರಿಯ ಸಾಹೇಬರು ಕೋಟಿನ ಜೇಬಿಗೆ ಕೈ ತುರುಕಿ, ಮಾವನ ಮನೆಗೆ ಬಂದ ಅಳಿಯನಂತೆ ನಿಂತಿದ್ದರು. "ಬರ್ಕೊಳ್ರೀ" ಎಂದು ಕಿರಿಯನಿಗೆ ಹೇಳುವುದಷ್ಟೇ ಅವರ ಕೆಲಸ. ಚಹಾ ಕೊಟ್ಟರೆ, "ಹೊರಗಡೆ ಏನೂ ಮುಟ್ಟೋದಿಲ್ಲ" ಎಂದರು.

ಇಂಥವರಿಗೂ ಅಪ್ಪ ಗೇಟಿನವರೆಗೆ ಅಂಟಿಕೊಂಡು ಹೋಗಿ, ಕಿವಿಯಲ್ಲಿ ಏನೋ ಪಿಸುಗುಟ್ಟಿ, ಹಲ್ಲು ಕಿರಿದು ಬಂದಿದ್ದ.

"ಆ ಚೀಲದವನೇ ಕಳ್ಳ" ಎಂದಳು ಲೇತಕ್ಕ.

"ಸುಮ್ನಿರೇ, ಯಾರನ್ನೂ ಕಳ್ಳ ಅನ್ನಬೇಡ" ಎಂದ ಅಪ್ಪ, ಚಮಚದಲ್ಲಿ ಗಂಜಿ ಎತ್ತುತ್ತ. ಒಂದು ಹನಿಯೂ ಚೆಲ್ಲಲಿಲ್ಲ.

"ನೀನು ಅವರ ಬಾಲ ಹಿಡ್ಕೊಂಡು ಹೋದೋನು, ಮಾತಾಡಬೇಡ."

ಮರುದಿನ ಅವಳು ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಆಫೀಸಿಗೆ ನುಗ್ಗಿದಳು. ಕಿರಿಯನ ಮೇಜಿನ ಮೇಲೆ ಅವನ ಚೀಲವನ್ನೇ ಸುರಿದಳು. ಛತ್ರಿ, ಊಟದ ಡಬ್ಬಿ, ಬಾಚಣಿಗೆ ಬಿದ್ದವು. ಪುಸ್ತಕವೂ ತೆರೆದುಕೊಂಡು ಬಿತ್ತು. ಅದರಲ್ಲಿದ್ದದ್ದು ಚಮಚದ ಚಿತ್ರವಲ್ಲ. ಸ್ಪ್ಯಾನರ್ ಎತ್ತಿ ನಿಂತ ಒಬ್ಬ ಹೆಂಗಸು, ಕಿವಿಯಿಂದ ಹೊಗೆ.

"ಇದು ನಾನಾ?"

"ಅಲ್ಲ ಮೇಡಂ" ಎಂದ ಅವನು, ಕುರ್ಚಿಯ ಹಿಂದೆ ಸರಿಯುತ್ತ. "ನಮ್ಮ ಅತ್ತೆ."

ಗಲಾಟೆಗೆ ಹಿರಿಯ ಸಾಹೇಬರು ಹೊರಬಂದರು. ಕೈ ಮತ್ತೆ ಜೇಬಿನಲ್ಲೇ.

"ಯಾರ ಮೇಲೂ ಕೂಗಾಡಬೇಡಿ. ಹೋದ ಡಬ್ಬಿ ಎಲ್ಲೂ ಹೋಗಲ್ಲ. ನಿಮಗೆ ಬೇಕಿರೋದು ಹತ್ತನೇ ಫಾರಂ. ಒಂಬತ್ತಕ್ಕೆ ನನ್ನ ಕೈಲಿ ಏನೂ ಆಗಲ್ಲ."

ಲೇತಕ್ಕನಿಗೆ ರೇಗಿತು. "ಆ ಕೈನ ಮೊದಲು ಜೇಬಿಂದ ತೆಗೀರಿ ಸಾಹೇಬ್ರೇ, ಆಮೇಲೆ ಆಗುತ್ತೋ ಇಲ್ವೋ ನೋಡೋಣ! ಕೈ ಬಿಸಿ ಮಾಡೋಕೆ ನನ್ನ ಹತ್ರ ದುಡ್ಡಿಲ್ಲ, ಬರೀ ವೆಲ್ಡಿಂಗ್ ಗನ್ ಇದೆ!"

ಸಾಹೇಬರ ಮುಖ ಕೆಂಪಾಯಿತು. ಕೈ ಮಾತ್ರ ಆಚೆ ಬರಲಿಲ್ಲ. ಅವರು ತಿರುಗಿ ಒಳಗೆ ಹೋದರು. ಬಾಗಿಲನ್ನು ಭುಜದಿಂದ ನೂಕಿ ಮುಚ್ಚಿದರು.

"ಮುಗೀತು" ಎಂದ ಗಂಡ, ಸುದ್ದಿ ಕೇಳಿ. "ಗೇಟಿನ ಕೀಲಿಗೆ ಆರ್ಡರ್ ತಗೊಳ್ಳಲಾ?"

ಅವಳು ಮುಂದಿನ ದಿನಗಳಲ್ಲಿ ನಡುಗುವ ಕೈ ಹುಡುಕಿಕೊಂಡು ಬೀದಿ ಬೀದಿ ಅಲೆದಳು. ಕೈ ನಡುಗುವವರು ಸಿಕ್ಕರು, ಹೆಸರು ಬರೆಸುವವರು ಸಿಗಲಿಲ್ಲ. ಎಲ್ಲರೂ ಚಳಿ ಎಂದರು, ಸುಸ್ತು ಎಂದರು.

ಗಡುವಿನ ಹಿಂದಿನ ದಿನ ಅಂಚೆಯವನು ಒಂದು ದಪ್ಪ ಲಕೋಟೆ ಎಸೆದು ಹೋದ.

"ಬಂತಾ?" ಎಂದ ಅಪ್ಪ, ತಲೆ ಎತ್ತದೆ.

"ಏನು ಬರಬೇಕಿತ್ತು?"

"ಡಬ್ಬಿಗೆ ಕಾಲು ಬಂದಿರಲಿಲ್ಲ ಕಣೇ, ನಾನೇ ಕೊಟ್ಟಿದ್ದು. ಹತ್ತನೇ ಗಿರಾಕಿನ ನಾನೇ ಹಿಡಿದೆ. ನಮ್ಮಂಥವರನ್ನ ಗುರುತು ಹಿಡಿಯೋಕೆ ನಮ್ಮಂಥವರೇ ಬೇಕು."

ಲಕೋಟೆಯೊಳಗೆ ಫಾರಂ ಇತ್ತು. ಮೊದಲ ಸುರುಳಿ, ಕೋಳಿ ಕೆದರಿದ ತಿಪ್ಪೆ. ಎರಡನೆಯದು ಗಡಿಯಾರದ ಸ್ಪ್ರಿಂಗಿನಷ್ಟು ಅಚ್ಚುಕಟ್ಟು. ಅದರ ಕೆಳಗೆ, ಅದೇ ಹಿಡಿಯಲ್ಲಿ ಬರೆದ ದುಂಡನೆಯ ಅಕ್ಷರಗಳು. ಹೆಸರಿತ್ತು, ವಿಳಾಸವಿತ್ತು. ಅವಳು ಉದ್ಯೋಗದ ಸಾಲಿಗೆ ಬಂದು, ಹಾಗೇ ಸ್ಟೂಲಿನ ಮೇಲೆ ಕುಳಿತಳು.

ಉದ್ಯೋಗ: ಅಧ್ಯಕ್ಷ, ಅನುದಾನ ಸಮಿತಿ. ಷರಾ: ನಾನೇ ಪರೀಕ್ಷೆಗೆ ಒಳಗಾದವನಾದ್ದರಿಂದ ಈ ಕಡತದಿಂದ ಕೈ ತೆಗೆದಿದ್ದೇನೆ; ತಾವು ಹೇಳಿದಂತೆ, ಜೇಬಿನಿಂದಲೂ.