ಕ್ಯಾನ್ವಾಸ್ ಮೂಟೆಯ ಹಿಂದೆ

ಪಿಳ್ಳಪ್ಪ ಗುದ್ದಲಿ ಬಚ್ಚಿಟ್ಟು ಕೈ ತೊಳೆಯುತ್ತಿದ್ದಾಗಲೇ ಹೆಲ್ತ್ ಇನ್‌ಸ್ಪೆಕ್ಟರ ಸೈಕಲ್ಲು ಗೇಟಿನೊಳಗೆ ಬಂತು. ಯಾವ ಪುಣ್ಯಾತ್ಮ ಕರೆಸಿದನೋ! ಎಷ್ಟು ಫಿನಾಯಿಲ್ ಸುರಿದುಕೊಂಡರೂ ಅವನಿಗೆ ಕೈ ಶುದ್ಧವಾಯಿತು ಅನ್ನಿಸಲಿಲ್ಲ.

ಯುದ್ಧದ ನಾಲ್ಕನೆಯ ವರ್ಷ. ಹಲಸೂರಿನ ಆ ಕಾರ್ಖಾನೆಯಲ್ಲಿ ಮಿಲಿಟರಿಗೆ ಡೇರೆ ಹೊಲಿಯುತ್ತಿದ್ದರು. ಪಿಳ್ಳಪ್ಪ ಅಲ್ಲಿನ ಮೇಸ್ತ್ರಿ. ದಿನಾ ಬೀಗ ತೆಗೆಯುವವನು ಅವನೇ. ಇವತ್ತು ಬಂದಾಗ ಗೋದಾಮು ಆಗಲೇ ತೆರೆದಿತ್ತು. ಕ್ಯಾನ್ವಾಸ್ ಮೂಟೆಯ ಹಿಂದೆ ಇಲಿ ಬಿದ್ದಿದ್ದವು. ಮೂರು. ಒಂದರ ಕತ್ತು ಮುರಿದಿತ್ತು. ಉಳಿದೆರಡರ ಮೈಮೇಲೆ ಒಂದು ಗೀರೂ ಇರಲಿಲ್ಲ. ಯೋಚಿಸುತ್ತ ನಿಲ್ಲುವಷ್ಟು ಧೈರ್ಯ ಅವನಿಗಿರಲಿಲ್ಲ.

ಇಲಿ ಬಿತ್ತೆಂದರೆ ಪ್ಲೇಗು. ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಅವನ ತಮ್ಮ ಕಂಕುಳಲ್ಲಿ ಗಡ್ಡೆ ಎದ್ದು ಎರಡೇ ದಿನಕ್ಕೆ ಹೋಗಿದ್ದ. ಸುದ್ದಿ ಹೊರಬಿದ್ದರೆ ಕಾರ್ಖಾನೆಗೆ ಸೀಲು, ನಲವತ್ತು ಮಂದಿಯ ಹೊಟ್ಟೆಗೆ ತಣ್ಣೀರು ಬಟ್ಟೆ. ಅವರಲ್ಲಿ ಅವನ ಹೆಂಡತಿ ಪಟಾಲಮ್ಮನೂ ಒಬ್ಬಳು; ಅವಳ ಮೆಷಿನ್ನು ಆ ಮೂಟೆಗಳ ಪಕ್ಕದಲ್ಲೇ ಇತ್ತು. ಹೇಳಿದರೆ ಅನ್ನ ಹೋಗುತ್ತದೆ, ಹೇಳದಿದ್ದರೆ ಅವಳೇ ಹೋದಾಳು. ಪಾಪಿ, ಅನ್ನವನ್ನೇ ಆರಿಸಿಕೊಂಡ. ಮೂರನ್ನೂ ಗೋಣಿಯಲ್ಲಿ ಸುತ್ತಿ, ಬಿದ್ದಿದ್ದ ಜಾಗಕ್ಕೆ ಫಿನಾಯಿಲ್ ಹಾಕಿ ತೊಳೆದು, ಹುಣಸೆಮರದಡಿ ಸುಣ್ಣ ಸುರಿದು ಹೂತುಬಿಟ್ಟ.

ಸಾಹುಕಾರ ಮುನಿಆಂಜನಪ್ಪನವರೇ ಇನ್‌ಸ್ಪೆಕ್ಟರನ್ನು ಗೋದಾಮಿಗೆ ಕರೆತಂದರು.

"ಮೂಟೆ ಹಿಂದ್ಗಡೆ ಸರಿಯಾಗ್ ನೋಡಿ ಸ್ವಾಮಿ. ನಮಗೆ ಜನದ ಪ್ರಾಣ ಮುಖ್ಯ."

ಪಿಳ್ಳಪ್ಪ ಫಿನಾಯಿಲ್ ನಾರುವ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಕೊಂಡ. ಇವರ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ!

ಇನ್‌ಸ್ಪೆಕ್ಟರು ಟಾರ್ಚು ಬಿಟ್ಟು ನೋಡಿದರು. "ಏನೂ ಇಲ್ವಲ್ರೀ."

"ಇನ್ನೊಂದ್ಸಲ ನೋಡಿ." ಸಾಹುಕಾರರು ತಾವೇ ಒಂದು ಮೂಟೆಯನ್ನು ಪಕ್ಕಕ್ಕೆಳೆದರು.

"ಫಿನಾಯಿಲ್ ವಾಸನೆ ಗಮ್ ಅಂತಿದೆ. ಎಲ್ಲಾರೂ ಹಿಂಗೇ ಇಟ್ಕೊಂಡ್ರೆ ನಮಗೇನ್ರೀ ಕೆಲಸ?" ಎಂದು ಅವರು ಪ್ಲೇಗಿಲ್ಲವೆಂದು ಚೀಟಿ ಬರೆದುಕೊಟ್ಟು ಹೊರಟೇಹೋದರು.

ಸಾಹುಕಾರರು ಮೂಟೆಯ ಮೇಲೆ ಕುಸಿದರು. "ಮುಗೀತು ಕಣೋ ಪಿಳ್ಳಪ್ಪ."

"ಯಾಕ್ ಸಾವ್ಕಾರ್ರೇ, ಒಳ್ಳೇದೇ ಆಯ್ತಲ್ಲ?"

"ಏನ್ ಒಳ್ಳೇದು! ಮದ್ರಾಸಿಂದ ಉಳಿದ ಬಟ್ಟೆ ಬಂದಿಲ್ಲ, ಇಲ್ಲಿರೋದು ಅರ್ಧಕ್ಕೂ ಸಾಲಲ್ಲ. ಸೋಮವಾರ ಡೇರೆ ಕೊಡ್ದಿದ್ರೆ ಕಾರ್ಖಾನೆ, ಜೋಗುಪಾಳ್ಯದ ಮನೆ, ಎಲ್ಲಾ ಜಪ್ತಿ. ಕರಾರಲ್ಲಿ ಒಂದೇ ದಾರಿ ಇತ್ತು. ಪ್ಲೇಗ್ ಅಂತ ಸರ್ಕಾರದೋರೇ ಸೀಲ್ ಹಾಕಿದ್ರೆ ತಡ ಆದ್ರೂ ಕೇಳಂಗಿಲ್ಲ. ಅದಕ್ಕೇ ಅವ್ರನ್ನ ಕರೆಸ್ದೆ. ನಮ್ಮನೇಲಿ ಒನಕೆಲಿ ಹೊಡೆದು ಸಾಯಿಸಿದ್ ಇಲೀನ ಬೆಳಿಗ್ಗೆ ನಾನೇ ತಂದು ಇಲ್ಲಿ ಹಾಕ್ದೆ. ಎಲ್ಲೋಯ್ತೋ!"

ಪಿಳ್ಳಪ್ಪನಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಪ್ಲೇಗಲ್ಲ! ಅಡ್ಡಗೋಡೆಯಾಚೆ ಪಟಾಲಮ್ಮನ ಮೆಷಿನ್ನು ಕಟಕಟ ಓಡುತ್ತಿತ್ತು. ಅವಳು ಬದುಕಿದಳು, ತಾನೂ ಬದುಕಿದೆ. ಅವನು ಸಾಹುಕಾರರ ಕಾಲು ಹಿಡಿದುಕೊಂಡ.

"ತಪ್ಪಾಯ್ತು ಸಾವ್ಕಾರ್ರೇ. ಹೆದರಿ ನಾನೇ ಹೂತ್ಬಿಟ್ಟೆ, ಮೂರನ್ನೂ."

ಮುನಿಆಂಜನಪ್ಪನವರು ಮೂಟೆಯಿಂದ ಮೆಲ್ಲಗೆ ಎದ್ದು ದೂರ ಸರಿದರು. "ನಾನ್ ಹಾಕಿದ್ದು ಒಂದೇ ಇಲಿ ಕಣೋ."